ತೊಟ್ಟಿಲ ಗಾಡಿ

ಜೂನ್ ೩

ಇವತ್ತು ಗಾಡಿಗೆ ಬಣ್ಣ ಹಚ್ಚಿ ಮುಗಿಸಿದೆ. ಎಲೆಹಸಿರು. ಅಪ್ಪನ ಗೋದಾಮಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಬ್ಬನೇ ಇದ್ದೆ. ಬಣ್ಣ ಒಣಗುವವರೆಗೂ ಎದುರಿಗೆ ಕೂತು ನೋಡಿದೆ. "ಇದು ನಾ ಮಾಡಿದ್ದು" ಎಂದು ಬಾಯಿಬಿಟ್ಟು ಹೇಳಿಕೊಂಡು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಾಗಿಲ ಕಡೆ ತಿರುಗಿದೆ. ಯಾರೂ ಇರಲಿಲ್ಲ. ಆದರೂ ನಾಚಿಕೆಯಾಯಿತು.

ಬೇರೆ ಗಾಡಿಗಳಲ್ಲಿ ಸ್ಪ್ರಿಂಗು ಕೆಳಗಿರುತ್ತದೆ, ಭಾರ ಅದರ ಮೇಲೆ ಕೂರುತ್ತದೆ. ನನ್ನದರಲ್ಲಿ ಸ್ಪ್ರಿಂಗು ಮೇಲಿದೆ. ಕಬ್ಬಿಣದ ಚೌಕಟ್ಟಿನ ಮೂಲೆಮೂಲೆಯಿಂದ ಸರಪಳಿ ಇಳಿದು ಹಲಗೆಯ ತೊಟ್ಟಿಯೊಂದನ್ನು ಎತ್ತಿ ಹಿಡಿದಿದೆ. ಗಾಲಿ ಎಷ್ಟು ಕುಣಿದರೂ ತೊಟ್ಟಿ ಮೆಲ್ಲಗೆ ತೂಗುತ್ತದೆ, ಕುಲುಕುವುದಿಲ್ಲ. ಮುಂದಿನ ಭಾಗ ಮತ್ತು ಇಂಜಿನ್ನು ಒಂದು ಹಳೆಯ ಮೂರು ಗಾಲಿಯ ಟೆಂಪೋದ್ದು.

ಅವ್ವ ಚಹಾ ತಂದಳು. ಗಾಡಿಯ ಸುತ್ತ ಒಂದು ಸುತ್ತು ಬಂದು ತೊಟ್ಟಿಯನ್ನು ಬೆರಳಿನಿಂದ ನೂಕಿ ನೋಡಿದಳು.

"ಥೇಟ್ ತೊಟ್ಟಲದಾಂಗ ಐತಲ್ಲೋ ಶಂಭು."

ಅವಳು ಹೋದ ಮೇಲೆ ಮುಂದಿನ ತಗಡಿನ ಮೇಲೆ ಬಿಳಿ ಬಣ್ಣದಿಂದ 'ತೊಟ್ಟಿಲ ಗಾಡಿ' ಎಂದು ಬರೆದೆ. ಒತ್ತಕ್ಷರ ಸರಿಯಾಗಿ ಬಂತು.

ಜೂನ್ ೪

ಅಪ್ಪ ಆ ಹೆಸರು ಓದಿದರು. ಅಂಗಡಿಯ ಮುಂದೆ ಹಮಾಲರು ಗೋವಿನಜೋಳದ ಚೀಲ ಇಳಿಸುತ್ತಿದ್ದರು. ಎಲ್ಲರಿಗೂ ಕೇಳುವ ಹಾಗೆ ಅಪ್ಪ, "ಲಗ್ನಾ ಮಾಡ್ಕೊಳ್ಳೊ ಅಂದ್ರ ಒಲ್ಲೆ ಅಂತಾನ. ತೊಟ್ಟಲಾ ಮಾತ್ರ ಮೊದಲ ಮಾಡಿಟ್ಟಾನ" ಅಂದರು.

"ಹಡ್ಯಾಕಿ ಎಲ್ಲದಾಳ್ರಿ ಸಾವ್ಕಾರ್ರ?" ಎಂದು ಒಬ್ಬ ಹಮಾಲ ಕೇಳಿದ. ಬೆನ್ನ ಮೇಲೆ ಚೀಲ ಇದ್ದವರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೂ ಹೆಚ್ಚು ನಗುತ್ತಾರೆ.

ಈ ಡೈರಿ ಗೊಬ್ಬರದ ಕಂಪನಿಯವರು ಅಂಗಡಿಗೆ ಕೊಟ್ಟದ್ದು. ಮೊದಲ ಹಾಳೆಯಲ್ಲಿ ಹೆಸರು, ವಿದ್ಯೆ, ಉದ್ಯೋಗ ಎಂದು ಗೆರೆ ಹಾಕಿದ್ದಾರೆ. ಹೆಸರು ಶಂಭುಲಿಂಗ ಎಂದು ಬರೆದೆ. ವಿದ್ಯೆ ಏಳನೇ ಇಯತ್ತೆ. ನಿಂತು ಪಾಠ ಓದು ಅಂದರೆ ನನಗೆ ಬಾಯಿ ಕಟ್ಟುತ್ತಿತ್ತು, ಆಮೇಲೆ ಸಾಲೆಗೇ ಹೋಗಲಿಲ್ಲ. ಶಿಗ್ಗಾಂವಿ ಪೇಟೆಯ ಮಹಾಲಿಂಗಪ್ಪ ಸಾಹುಕಾರರ ಒಬ್ಬನೇ ಮಗ, ಕೂತು ತಿಂದರೂ ಕರಗದಷ್ಟು ಇದೆ, ಸಾಲೆ ಯಾಕೆ ಎಂದು ಯಾರೂ ಒತ್ತಾಯ ಮಾಡಲಿಲ್ಲ. ಮಾಲು ತಂದು ನಿಲ್ಲುವ ಲಾರಿಗಳ ಕೆಳಗೆ ಮಲಗಿ ಗಾಡಿ ಕಲಿತೆ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಉದ್ಯೋಗದ ಗೆರೆ ಹಾಗೇ ಬಿಟ್ಟೆ.

ಜೂನ್ ೭

ಸವಣೂರಿಗೆ ಹೋಗಿದ್ದೆ. ಅಲ್ಲಿ ಅಜ್ಜನ ಮನೆಯಲ್ಲಿದ್ದುಕೊಂಡೇ ನಾನು ಸಾಲೆ ಕಲಿತದ್ದು. ಹಾಜರಾಬಿಯವರ ವೀಳ್ಯದೆಲೆಯ ತೋಟ ಅಜ್ಜನ ಹೊಲಕ್ಕೆ ಹತ್ತಿಕೊಂಡೇ ಇದೆ. ಅವರ ಮಗ ಇರ್ಫಾನ ಸಾಲೆಯಲ್ಲಿ ನನ್ನ ಹಿಂದೆ ಕೂರುತ್ತಿದ್ದ. ನಾನು ನಿಂತು ಬಾಯಿ ಕಟ್ಟಿದಾಗ ಹಿಂದಿನಿಂದ ಪಿಸುಮಾತಿನಲ್ಲಿ ಪಾಠ ಹೇಳಿಕೊಡುತ್ತಿದ್ದವನು ಅವನೇ.

ಈ ಗಾಡಿ ಮಾಡಿದ್ದೇ ಹಾಜರಾಬಿಯವರ ಎಲೆಗಾಗಿ. ಸವಣೂರ ಎಲೆ ನಾಜೂಕು. ಬಸ್ಸಿನ ಮೇಲೆ ಬುಟ್ಟಿ ಕುಲುಕಿ ಕುಲುಕಿ ಹಿರೇಕೆರೂರು ಮುಟ್ಟುವುದರೊಳಗೆ ಅಂಚು ಕಪ್ಪಾಗುತ್ತದೆ ಎಂದು ನಾನು ಸಣ್ಣವನಿದ್ದಾಗಿನಿಂದ ಅವರು ಗೊಣಗುವುದನ್ನು ಕೇಳಿದ್ದೇನೆ. ಆಗಿನಿಂದಲೂ ತಲೆಯಲ್ಲಿತ್ತು.

ಗಾಡಿ ಅಂಗಳದಲ್ಲಿ ನಿಂತಾಗ ಇರ್ಫಾನ ಓಡಿ ಬಂದ. ನಾನು ಏನೂ ಹೇಳಲಿಲ್ಲ, ಅವನೇ ಕೆಳಗೆ ಬಗ್ಗಿ ಎಲ್ಲ ನೋಡಿದ. ಎದ್ದು ನಿಂತು, "ಭಾರಿ ಮಾಡೀರಿ ಸಾವ್ಕಾರ್ರ" ಅಂದ.

ಮೊದಲು ನನ್ನನ್ನು ಶಂಭ್ಯಾ ಅನ್ನುತ್ತಿದ್ದ. 'ರಿ' ಯಾವಾಗ ಬಂದು ಸೇರಿತೋ ಗೊತ್ತಿಲ್ಲ. ಹಾಗೆ ಅನ್ನಬೇಡ ಎಂದು ಹೇಳಬೇಕಿತ್ತು. 

ಇರ್ಫಾನನೇ ಗಾಡಿ ಹೊಡೆಯುವುದು, ಹಾಜರಾಬಿಯವರ ಎಲೆ ಹಾನಗಲ್ಲಿಗೂ, ತಿಳವಳ್ಳಿ ಚಿಕ್ಕೇರೂರಿನ ಮೇಲೆ ಹಿರೇಕೆರೂರಿಗೂ ಹೋಗುವುದು ಎಂದಾಯಿತು. ಅವನ ಹೆಂಡತಿ ಗುಲ್ನಾರ ಬಾಗಿಲ ಮರೆಯಿಂದ ಗಾಡಿಯ ಮೇಲಿನ ಹೆಸರು ಓದಿ ಅತ್ತೆಗೆ ಏನೋ ಹೇಳಿದಳು. ಹಾಜರಾಬಿ ನನ್ನ ಕಡೆ ನೋಡಿ, "ಹೆಸರು ಚಲೋ ಐತ್ರಿ" ಅಂದರು.

ಜೂನ್ ೨೨

ಹಿರೇಕೆರೂರಿನಲ್ಲಿ ಎಲೆ ಆಗ ತಾನೇ ಕೊಯ್ದ ಹಾಗೇ ಇತ್ತಂತೆ. ಒಂದು ಎಲೆಯೂ ಕಪ್ಪಾಗಿಲ್ಲವಂತೆ. ಇರ್ಫಾನ ಹೇಳುತ್ತಿದ್ದರೆ ನಾನು ನೆಲ ನೋಡುತ್ತಿದ್ದೆ. ಹಾಜರಾಬಿ ಬಸ್ಸಿನವರಿಗೆ ಇನ್ನು ನಮ್ಮ ಬುಟ್ಟಿಗೆ ಜಾಗ ಇಡಬೇಡಿ ಎಂದು ಹೇಳಿಬಿಟ್ಟರಂತೆ. ಆ ಜಾಗ ಬೇರೆಯವರು ಹಿಡಿದರಂತೆ.

ಅವ್ವ ಇವತ್ತು ಹೋಳಿಗೆ ಮಾಡಿದಳು, ಯಾಕೆ ಎಂದು ಹೇಳಲಿಲ್ಲ. ಅಪ್ಪ ಉಂಡರು, ಅವರೂ ಕೇಳಲಿಲ್ಲ.

ಜುಲೈ ೯

ಎಲೆ ಕಪ್ಪಾಗುತ್ತಿದೆ. ಮೊದಲು ಕೆಳಗಿನ ಬುಟ್ಟಿಯಲ್ಲಿ ಮಾತ್ರ, ಈಗ ಎಲ್ಲದರಲ್ಲೂ. ಹಾನಗಲ್ಲಿನ ವ್ಯಾಪಾರಿ ಒಂದು ಬುಟ್ಟಿ ಹಿಂದಕ್ಕೆ ಕಳಿಸಿದ.

ಹಾಜರಾಬಿಯವರ ಹತ್ತಿರ ಹೋದೆ. "ಮಳಿಗಾಲ ನೋಡ್ರಿ, ಎಲಿ ಮೆತ್ತಗಿರತಾವ" ಅಂದರು. ನನ್ನ ಗಾಡಿಯದು ತಪ್ಪು ಎಂದು ಅನ್ನಲೇ ಇಲ್ಲ. ಅಂದಿದ್ದರೆ ಚೆನ್ನಾಗಿತ್ತು. ಇರ್ಫಾನನೂ "ರಸ್ತೇನ ಕೆಟ್ಟೈತ್ರಿ" ಅಂದ.

ಅವರ ಕಾಂಪೌಂಡಿನ ಒಳಗೆ ಒಂದು ಕಲ್ಲಿನ ಗುಡ್ಡೆ ಬಿದ್ದಿದೆ. ಕೆಂಪು ಮಣ್ಣು ಹತ್ತಿದ ಹಳೆಯ ಗೋಡೆಯ ಕಲ್ಲು. ಮಳೆಯಲ್ಲೇ ಕಟ್ಟಡ ಶುರು ಮಾಡುತ್ತಾರೇನೋ.

ಜುಲೈ ೧೩

ಗಾಡಿಯನ್ನು ಶೆಡ್ಡಿಗೆ ತಂದು ಬಿಚ್ಚಿದೆ. ಸ್ಪ್ರಿಂಗು ನಾಲ್ಕೂ ಹಿಗ್ಗಿವೆ. ತೊಟ್ಟಿ ಕೆಳಗೆ ಜೋತು ಬಿದ್ದು, ರಸ್ತೆಯ ತಗ್ಗು ಬಂದಾಗಲೆಲ್ಲ ಅಚ್ಚಿಗೆ ಬಡಿಯುತ್ತಿದೆ. ಎಲೆ ಕಪ್ಪಾಗುವುದು ಅದಕ್ಕೇ.

ಆದರೆ ಎಲೆ ಹಗುರ. ಎಲೆಯ ಭಾರಕ್ಕೆಂದೇ ನಾನು ಆ ಸ್ಪ್ರಿಂಗು ಆರಿಸಿದ್ದು. ಬರೀ ಎಲೆಗೆ ಅವು ಹೀಗೆ ಆಗಲಾರವು. ತೊಟ್ಟಿಯ ಹಲಗೆಯ ಮೇಲೆ ತರಚಿದ ಗೆರೆಗಳಿವೆ. ಏನು ಹೇರಿದ್ದರು?

ಕೇಳಬೇಕು. ಹೇಗೆ ಕೇಳಬೇಕೋ ತಿಳಿಯದು.

ಜುಲೈ ೧೫

ಕೇಳುವುದು ನನ್ನ ಕೈ ಮೀರಿತು.

ಇರ್ಫಾನ ಗಾಡಿ ಒಯ್ಯಲು ಬಂದಿದ್ದ. ಅಪ್ಪ ಶೆಡ್ಡಿನಲ್ಲಿ ಬಿದ್ದಿದ್ದ ಸ್ಪ್ರಿಂಗು ನೋಡಿದ್ದರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಯ ಮುಂದೆ ಬಂದರು. ಹಮಾಲರು, ಮಾಲು ತಂದ ರೈತರು, ಲಾರಿಯವರು, ಎಲ್ಲರೂ ಇದ್ದರು.

"ಎಲಿ ಭಾರಕ್ಕ ಸ್ಪ್ರಿಂಗ ಹಿಂಗ ಆಗತಾವೇನಲೇ? ತಿರುಗಿ ಬರೂಮುಂದ ಯಾರ ಮಾಲ ಹೇರಿಕೊಂಡ ಬರತೀದಿ, ಹೇಳು."

ಇರ್ಫಾನ ನನ್ನ ಕಡೆ ನೋಡಿದ.

"ಅವನ್ನೇನ ನೋಡತಿ? ಶಂಭು, ನೀನ ಹೇಳು. ಎಲಿ ಭಾರಕ್ಕ ಹಿಂಗ ಆಗತೈತಿ?"

ಇಲ್ಲ ಎಂದು ತಲೆ ಆಡಿಸಿದೆ.

"ಅಂದ್ರ ಮಂದಿ ಮಾಲು ಹೇರ್ಯಾನ. ಹೌದಿಲ್ಲೊ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.  ಹೌದು ಎಂದು ತಲೆ ಆಡಿಸಿದೆ.

ಮೊದಲ ಸಲ ಆಡಿಸಿದ್ದು ನಿಜಕ್ಕೆ. ಎರಡನೆಯ ಸಲ ಆಡಿಸಿದ್ದು ಅಪ್ಪನಿಗೆ.

ಇರ್ಫಾನ ಏನೋ ಹೇಳಲು ಬಾಯಿ ತೆರೆದ, ಸುತ್ತಲಿನ ಮಂದಿಯನ್ನು ನೋಡಿ ಮುಚ್ಚಿಕೊಂಡ. "ಸಾವ್ಕಾರ್ರು ಅಂದಮ್ಯಾಲ ಮುಗೀತ್ರಿ" ಎಂದಷ್ಟೇ ಹೇಳಿ ಗಾಡಿಯ ಕೀಲಿಕೈಯನ್ನು ತೂಕದ ಯಂತ್ರದ ಮೇಲಿಟ್ಟು ಹೋದ. ಯಂತ್ರದ ಅಂಕಿ ಸೊನ್ನೆಯಿಂದ ಕದಲಲಿಲ್ಲ.

ಜುಲೈ ೧೬

ಶೆಡ್ಡಿನಿಂದ ಹೊರಗೆ ಬರಲಿಲ್ಲ.

ಜುಲೈ ೨೪

ಹೊಸ ಸ್ಪ್ರಿಂಗು ಹಾಕಿದೆ. ಅದೇ ಅಳತೆ, ಅದೇ ದಪ್ಪ. ಸವಣೂರ ಪೇಟೆಯಲ್ಲಿ ಬೇರೆಯವರ ಎಲೆ ಕೊಂಡು ನಾನೇ ಗಾಡಿ ಹೊಡೆದುಕೊಂಡು ಹಾನಗಲ್ಲಿನವರೆಗೆ ಹೋಗಿ ಬರುತ್ತಿದ್ದೇನೆ. ಒಂದು ಎಲೆಯೂ ಕಪ್ಪಾಗಿಲ್ಲ. ಬರುವಾಗ ತೊಟ್ಟಿ ಖಾಲಿ. ಖಾಲಿ ತೊಟ್ಟಿ ಹಿಂದೆ ಗಡಗಡ ಎಂದು ಹೊಯ್ದಾಡುತ್ತದೆ. ಸದ್ದಿಗೆ ತಲೆನೋವು ಬರುತ್ತದೆ, ಅದು ಬಿಟ್ಟರೆ ಏನೂ ತೊಂದರೆಯಿಲ್ಲ.

"ನೋಡಿದ್ಯಾ?" ಅಂದರು ಅಪ್ಪ. "ಗಾಡಿ ತಪ್ಪಲ್ಲ, ಹೊಡಿಯಾವನ ತಪ್ಪು." ನನ್ನ ಗಾಡಿಯ ಪರವಾಗಿ ಅಪ್ಪ ಮಾತಾಡಿದ್ದು ಇದೇ ಮೊದಲು. ಬೆನ್ನು ತಟ್ಟಿದರು.

ಇಷ್ಟು ದಿನ ಇದಕ್ಕೇ ಕಾದಿದ್ದೆ. ಖುಷಿಯಾಗಬೇಕಿತ್ತು. ಊಟ ಮಾಡುವಾಗ ಇರ್ಫಾನ ಬಾಯಿ ಮುಚ್ಚಿಕೊಂಡದ್ದೇ ಕಣ್ಣ ಮುಂದೆ ಬರುತ್ತಿತ್ತು. ಕದ್ದವನು ಹಾಗೆ ಮುಚ್ಚಿಕೊಳ್ಳುತ್ತಾನೆಯೇ? ಕದ್ದವರನ್ನು ನಾನು ನೋಡಿಲ್ಲ. ಬಾಯಿ ಕಟ್ಟಿದವನು ಹೇಗಿರುತ್ತಾನೆ ಎಂಬುದು ಮಾತ್ರ ಗೊತ್ತು.

ಆಗಸ್ಟ್ ೨

ಧೈರ್ಯ ಮಾಡಿ ಹಾಜರಾಬಿಯವರ ಬಾಗಿಲಿಗೆ ಹೋದೆ, ನಾನೇ ಗಾಡಿ ಹೊಡೆಯುತ್ತೇನೆ, ಎಲೆ ಕೊಡಿ ಎಂದು ಕೇಳಲು. ಕುರ್ಚಿ ಹಾಕಿದರು, ಚಹಾ ಕೊಟ್ಟರು.

"ಈ ಸಲ ಎಲೀನ ಕಡಿಮಿ ಐತ್ರಿ ಸಾವ್ಕಾರ್ರ. ಬಳ್ಳಿಗಿ ರೋಗ ಬಿದ್ದೈತಿ. ಇದ್ರ ನಿಮಗ ಬಿಟ್ಟು ಇನ್ಯಾರಿಗಿ ಕೊಡತೇವ್ರಿ?"

ಅವರ ಬೆನ್ನ ಹಿಂದೆ ಜಗಲಿಯ ಮೇಲೆ ಹಸಿ ಗೋಣಿತಟ್ಟು ಹೊದಿಸಿದ ಬುಟ್ಟಿಗಳು ಸಾಲಾಗಿದ್ದವು. ನಾನು ನೋಡಿದ್ದನ್ನು ಅವರು ನೋಡಿದರು. ಕಪ್ಪು ಕೆಳಗಿಟ್ಟು ಎದ್ದೆ.

ಬಸ್ ಸ್ಟ್ಯಾಂಡಿನ ಪಕ್ಕದ ಬಂಕಿನಲ್ಲಿ ಗಾಡಿಗೆ ಡೀಸೆಲ್ ಹಾಕಿಸಲು ನಿಂತಿದ್ದಾಗ ಅವರು ಬಂದರು. ಅದೇ ಬುಟ್ಟಿಗಳು. ಕಂಡಕ್ಟರ ಮೇಲೆ ಜಾಗವಿಲ್ಲ ಎನ್ನುತ್ತಿದ್ದ. ಹಾಜರಾಬಿ ಸೆರಗು ಸರಿಮಾಡಿಕೊಂಡು ಕೈ ಮುಗಿಯುತ್ತಿದ್ದರು. ನಾನು ಗಾಡಿಯ ಹಿಂದೆ ಸರಿದು ನಿಂತೆ. ಬಸ್ಸು ಬುಟ್ಟಿ ಬಿಟ್ಟು ಹೋಯಿತು.

ಆಗಸ್ಟ್ ೬

ಇರ್ಫಾನನಿಗೆ ಎಲ್ಲೂ ಕೆಲಸ ಸಿಗುತ್ತಿಲ್ಲ. ಅಂಗಡಿಗೆ ಬಂದ ಲಾರಿಯವನೊಬ್ಬ ಹೇಳಿದ. ಶಿಗ್ಗಾಂವಿಯಲ್ಲಿ ಕೇಳಿದರೆ, "ಮಾಲಿನ ಗಾಡಿಗಿ ಅವ ಬ್ಯಾಡಪ್ಪ, ಮಹಾಲಿಂಗಪ್ಪ ಸಾವ್ಕಾರ್ರ ಗಾಡ್ಯಾಗ ಕಳ್ಳಮಾಲ ಹೇರಿದಾವ" ಅನ್ನುತ್ತಾರಂತೆ. "ಅವರ ಮಗನ ಹೌದಂದಾನಂತ" ಎಂದೂ ಸೇರಿಸಿದ. ಆ ಮಗ ನಾನೆಂದು ಅವನಿಗೆ ಗೊತ್ತಿರಲಿಲ್ಲ.

ಗುಲ್ನಾರಳಿಗೆ ದಿನ ತುಂಬುತ್ತಾ ಬಂದಿದೆಯಂತೆ.

ಆಗಸ್ಟ್ ೧೧

ಇವತ್ತಿನದನ್ನು ಬರೆಯಬೇಕು. ಬರೆಯದೆ ಇದ್ದರೆ ನಾಳೆ ಇದನ್ನು ನನಗೆ ಬೇಕಾದ ಹಾಗೆ ತಿರುಗಿಸಿಕೊಂಡು ಬಿಡುತ್ತೇನೆ.

ಚಿಕ್ಕೇರೂರಿನ ಗುತ್ತೆವ್ವ ಎಲೆ ಮಾರುವಾಕೆ. ಹಾಜರಾಬಿಯವರ ಖಾಲಿ ಬುಟ್ಟಿಗಳು ಅವಳ ಹತ್ತಿರ ಉಳಿದಿದ್ದವು. ತಂದು ಕೊಟ್ಟರಾದರೂ ಒಂದು ಮಾತಾಡಲು ನೆವ ಸಿಗುತ್ತದೆ ಎಂದು ಅಲ್ಲಿಯವರೆಗೆ ಹೋದೆ. ಬುಟ್ಟಿ ಹೇರುತ್ತಿದ್ದೆ. ಗುತ್ತೆವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಇವತ್ತ ಕಲ್ಲು ಬ್ಯಾಡೇನ್ರಿ?"

ಯಾವ ಕಲ್ಲು ಎಂದೆ.

"ಯಾವ ಕಲ್ಲಂತೀರಿ! ನಮ್ಮ ಹಿತ್ತಲದಾಗಿನ ಬಿದ್ದ ಗ್ವಾಡಿ ಅರ್ಧ ಸವಣೂರಿಗಿ ಹೋತ್ರಿ ಈ ಗಾಡ್ಯಾಗ. ಇರ್ಫಾನ ತಿರುಗಿ ಬರೂಮುಂದ ನನ್ನ ಬುಟ್ಟಿ ಇಳಿಸಿದ ಕೂಡ್ಲೆ ಕಲ್ಲ ಹೇರಂವ. ಯಾಕೋ ತಮ್ಮಾ ಅಂದ್ರ, ಖಾಲಿ ತೊಟ್ಟಲಾ ತೂಗಬಾರದಬೇ ಅಂದ. ನಾ ಬಿದ್ದ ಬಿದ್ದ ನಕ್ಕೆ. ಆಮ್ಯಾಲ ಅವನ ಮಾರಿ ನೋಡಿ ನಗೂದ ಬಿಟ್ಟೆ."

ಅವಳು ದನಿ ಇಳಿಸಿದಳು. "ಹೋದ ವರ್ಷ ಆ ಹುಡುಗಿಗಿ ಕೂಸ ದಕ್ಕಲಿಲ್ಲ. ಈಗ ಮತ್ತ ಬಸರಿ. ಮನಿ ಮುಂದ ದಿನಾ ಬಂದ ನಿಂದ್ರೂ ಗಾಡಿಗಿ ನೀವು ತೊಟ್ಟಲಾ ಅಂತ ಹೆಸರ ಬರದೀರಿ. ಇಲ್ಲಿಂದ ಸವಣೂರತನಕ ಖಾಲಿ ತೂಗಿಕೋತ ಹೋಗಿ ಆಕಿ ಬಾಗಲದಾಗ ನಿಂದ್ರಸೂದು ಹೆಂಗ್ರಿ? ಖಾಲಿ ತೊಟ್ಟಲಾ ತೂಗಿದ್ರ ಕೂಸಿಗಿ ಕೇಡಂತ ನಮ್ಮ ಮನ್ಯಾಗೂ ಮುಟ್ಟಾಕ ಬಿಡೂದಿಲ್ಲ. ನಿಮ್ಮವ್ವ ಬಿಡತಾಳೇನು?"

ಬಿಡುವುದಿಲ್ಲ. ಸಣ್ಣವನಿದ್ದಾಗ ಅತ್ತೆಯ ಕೂಸನ್ನು ಎತ್ತಿಕೊಂಡ ಮೇಲೆ ಖಾಲಿ ತೊಟ್ಟಿಲು ತೂಗಿದ್ದಕ್ಕೆ ಅವ್ವ ನನ್ನ ಕೈಗೆ ಹೊಡೆದಿದ್ದಳು. ಜೂನಿನಲ್ಲಿ ಬ್ರಷ್ಷು ಹಿಡಿದಾಗ ಅದು ನನಗೆ ನೆನಪಿಗೇ ಬರಲಿಲ್ಲ. ಒತ್ತಕ್ಷರ ಸರಿ ಬಂತೋ ಇಲ್ಲವೋ ಎಂದು ನೋಡುತ್ತಿದ್ದೆ.

ಹೆಸರು ಬದಲಿ ಮಾಡಿ ಎಂದು ಹಾಜರಾಬಿ ಹೇಳಬಹುದಿತ್ತು. ಸಾವ್ಕಾರ್ರು ಇಟ್ಟ ಹೆಸರು, ಚಲೋ ಐತ್ರಿ ಅಂದರು. ಅಂಗಡಿಯ ಮುಂದೆ ಅಷ್ಟು ಜನ ಗಂಡಸರ ನಡುವೆ ನಿಂತು, ನನ್ನ ಹೆಂಡತಿಗೆ ಹೋದ ವರ್ಷ ಹೀಗಾಗಿತ್ತು, ಅದಕ್ಕೆ ಕಲ್ಲು ಹೇರಿದೆ ಎಂದು ಇರ್ಫಾನ ಹೇಳಬೇಕಿತ್ತೆ? ಬಾಯಿ ತೆರೆದು ಮುಚ್ಚಿಕೊಂಡ. ಪಿಸುಮಾತಿನಲ್ಲಿ ಹೇಳಿಕೊಡಲು ಅವನ ಹಿಂದೆ ಯಾರೂ ಇರಲಿಲ್ಲ.

ದಾರಿಯುದ್ದಕ್ಕೂ ಹಿಂದಿನ ತೊಟ್ಟಿಯಲ್ಲಿ ಖಾಲಿ ಬುಟ್ಟಿಗಳು ಹೊರಳಾಡುತ್ತಿದ್ದವು. ಹಾನಗಲ್ಲಿನ ಹತ್ತಿರ ಗಾಡಿ ನಿಲ್ಲಿಸಿ ಹೊಲದ ಬದುವಿನ ಮೇಲೆ ಕೂತೆ. ಯಾರೋ ಒಬ್ಬರು, "ಯಾಕಪ್ಪ, ಗಾಡಿ ಕೆಟ್ಟಿತೇನು?" ಅಂದರು. ಹೌದು ಎಂದೆ.

ಬುಟ್ಟಿ ಕೊಡಲು ಸವಣೂರಿಗೆ ಹೋಗಲಿಲ್ಲ. ಹೋಗಲಾಗಲಿಲ್ಲ.

ಆಗಸ್ಟ್ ೧೨

ಬಿಳಿ ಅಕ್ಷರಗಳ ಮೇಲೆ ಹಸಿರು ಬಳಿದೆ. ಹಸಿರಿನ ಕೆಳಗಿನಿಂದ ಇನ್ನೂ ಕಾಣುತ್ತವೆ.

ಆಗಸ್ಟ್ ೧೪

ಅಪ್ಪನಿಗೆ ಹೇಳಿದೆ. ಅಂಗಡಿಯಲ್ಲಿ ಯಾರೂ ಇಲ್ಲದಾಗ.  ಕಿವಿಯಲ್ಲಿ ಬೆರಳು ಆಡಿಸಿಕೊಂಡರು.

"ಪಾಪ" ಅಂದರು. "ಒಂದ ಚೀಲ ಅಕ್ಕಿ ಕಳಸು."

ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆ ಹಿಂದಕ್ಕೆ ತಗೋಬೇಕಲ್ಲ ಎಂದೆ. ಅಷ್ಟು ಹೇಳಲು ನಾನು ಗೋಡೆ ಹಿಡಿದುಕೊಂಡಿದ್ದೆ.

"ನಿನಗ ಪ್ಯಾಟಿ ಗೊತ್ತಿಲ್ಲ, ಶಂಭು. ನನ್ನ ಬಾಯಾಗಿನ ಮಾತಿಗಿ ತೂಕ ಐತಿ, ಅದಕ್ಕ ನನ್ನ ಕಾಟಾದ ಮ್ಯಾಲ ಮಂದಿ ಮಾಲ ಇಡತಾರ. ಮಾತ ತಿರುಗಿ ನುಂಗಿದೆ ಅಂದ್ರ ನಾಳೆ ತೂಕಾನೂ ನುಂಗತಾನ ಅಂತಾರ. ಇದೆಲ್ಲಾ ಮುಂದ ನಿಂದ ಐತಿ. ತಿಳಕೊ."

ಕೆಟ್ಟ ಮನುಷ್ಯ ಮಾತಾಡಿದ ಹಾಗಿರಲಿಲ್ಲ. ನನಗೆ ಒಂದು ಕೆಲಸ ಕಲಿಸುತ್ತಿದ್ದ ಹಾಗಿತ್ತು.

ಅಕ್ಕಿ ಕಳಿಸಿದೆ. ಇನ್ನೇನು ಮಾಡಬೇಕೋ ತಿಳಿಯಲಿಲ್ಲ.

ಆಗಸ್ಟ್ ೧೫

ಅಕ್ಕಿ ತಿರುಗಿ ಬಂತು. "ಮನ್ಯಾಗ ಅಕ್ಕಿ ಐತಂತ್ರಿ. ಸಾವ್ಕಾರ್ರು ತಪ್ಪ ತಿಳಕೋಬಾರದು ಅಂದ್ರು" ಎಂದು ಒಯ್ದ ಆಳು ಹೇಳಿದ.

ತಪ್ಪು ತಿಳಿದುಕೊಂಡವನಿಗೆ ಹೇಳಿ ಕಳಿಸಿದ ಮಾತು ಅದು.

ಆಗಸ್ಟ್ ೨೦

ಸವಣೂರಿನ ತನಕ ಹೋಗಿ ಅವರ ಓಣಿಯ ತುದಿಯಿಂದ ತಿರುಗಿ ಬಂದೆ. ಮೊನ್ನೆಯೂ ಹೀಗೇ ಆಯಿತು. ಎಂಥ ಮನುಷ್ಯ ನಾನು.

ಆಗಸ್ಟ್ ೨೬

ಇವತ್ತು ಒಳಗೆ ಹೋದೆ. ಗಾಡಿಯನ್ನು ಅಂಗಳದ ತನಕ ತಂದು ನಿಲ್ಲಿಸಿಬಿಟ್ಟರೆ ತಿರುಗಿ ಓಡಲು ಆಗುವುದಿಲ್ಲ ಎಂದು ಗಾಡಿಯನ್ನೇ ತಂದೆ. ಬುಟ್ಟಿಗಳನ್ನು ಜಗಲಿಯ ಮೇಲಿಟ್ಟೆ. ಹಾಜರಾಬಿ ಕುರ್ಚಿ ತರಲು ತಿರುಗಿದರು. ಬೇಡ ಎಂದೆ. ನಿಂತೇ ಹೇಳಿದೆ. ಕಲ್ಲಿನ ವಿಷಯ ತಿಳಿಯಿತು, ಇರ್ಫಾನನದು ತಪ್ಪಿರಲಿಲ್ಲ, ನನಗೆ ಏನೂ ಗೊತ್ತಿಲ್ಲದಿದ್ದರೂ ಹೌದು ಎಂದು ತಲೆ ಆಡಿಸಿದೆ, ನನ್ನದು ತಪ್ಪಾಯಿತು.

ಹಾಜರಾಬಿ ಕುರ್ಚಿ ಅಲ್ಲೇ ಬಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ ಶುರುವಾಯಿತು.

"ಯಾರಿಗಿ ಹೇಳಾಕ ಬಂದೀದಿ ಇದನ್ನ? ನನಗ? ನನ್ನ ಮಗ ಕಳ್ಳ ಅಲ್ಲಂತ ನನಗ ಹೇಳತಿ? ಪ್ಯಾಟ್ಯಾಗ ಒದರಿದ್ದನ್ನ ಮನ್ಯಾಗ ಒರಸಾಕ ಬಂದಾನ ನೋಡು! ಇದ ಅಂಗಳದಾಗ ನನ್ನ ಕೈಲೆ ರೊಟ್ಟಿ ತಿಂದಿ, ನೆನಪೈತೇನ್ ನಿನಗ? ಅವ್ನ ತಾಟಿನಾಗಿಂದ ಕಸಗೊಂಡ ತಿಂತಿದ್ದಿ. ಅಷ್ಟ ತಿಂದ ಬಾಯಿಗಿ ಒಂದ ಮಾತ ಆಡಾಕ ಬರಲಿಲ್ಲೇನೋ?"

ಅವರು ನನ್ನನ್ನು 'ನೀನು' ಅನ್ನುತ್ತಿದ್ದಾರೆ ಎಂಬುದು ನನಗೆ ಆಮೇಲೆ ಹೊಳೆಯಿತು. ನಡುವೆ ಇರ್ಫಾನ ಹೊರಗೆ ಬಂದಿದ್ದ. ತಾಯಿ ಮಗ ಉರ್ದುವಿನಲ್ಲಿ ಜೋರಾಗಿ ಏನೋ ಮಾತಾಡಿದರು. ನನ್ನ ಹೆಸರು ಬರುತ್ತಿತ್ತು.

ನಾನು ಇರ್ಫಾನನಿಗೆ ಹೇಳಿದೆ, "ಶಿಗ್ಗಾಂವಿಗಿ ಬಾ. ಅಂಗಡಿ ಮುಂದ ಹೇಳತೇನಿ. ಗಾಡಿ ನೀ ಹೊಡಿ."

"ಖಾಲಿ ಗಾಡಿ ಹೊಡಿಯಂಗಿಲ್ರಿ ನಾ" ಅಂದ ಅವನು.

ಬಾಗಿಲ ಮರೆಯಲ್ಲಿ ಗುಲ್ನಾರ ನಿಂತಿದ್ದಳು. ಅವಳ ಕೈ ಎಲ್ಲಿತ್ತೆಂದು ನೋಡಿ ತಲೆ ಕೆಳಗೆ ಹಾಕಿದೆ. ಗೋಡೆಯ ಬದಿಗೆ ಆ ಕಲ್ಲುಗಳು ಹಾಗೇ ಬಿದ್ದಿದ್ದವು. ಅವನ್ನು ಹೇರಿದರೆ ಸ್ಪ್ರಿಂಗು ಹೋಗುತ್ತವೆ. ಅದಷ್ಟೇ ನನ್ನ ತಲೆಗೆ ಬಂದದ್ದು, ಬೇರೆ ಯಾವ ದೊಡ್ಡ ವಿಚಾರವೂ ಇರಲಿಲ್ಲ. ಗಾಡಿಯ ಹಿಂದೆ ಹೋಗಿ ತೊಟ್ಟಿಯೊಳಗೆ ಹತ್ತಿ ಕೂತೆ. ಕಾಲು ಹೊರಗೆ ಚಾಚುತ್ತಿದ್ದವು, ಮಡಚಿ ಒಳಗೆ ತೆಗೆದುಕೊಂಡೆ.

ಹಾಜರಾಬಿ "ಯಾ ಅಲ್ಲಾ" ಎಂದು ಬಾಯಿಗೆ ಸೆರಗು ಹಿಡಿದರು. ಗುಲ್ನಾರ ಒಳಗೆ ಓಡಿದಳು. ಅವಳು ನಗುವ ಸದ್ದು ಕೇಳಿಸಿತು. ಆ ಮನೆಯಲ್ಲಿ ಅವಳ ದನಿಯನ್ನು ನಾನು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು.

ಇರ್ಫಾನ ನಗಲಿಲ್ಲ. ಹತ್ತಿರ ಬಂದು ನನ್ನ ಮಡಚಿದ ಕಾಲು ನೋಡಿದ. ಆಮೇಲೆ ಕೀಲಿಕೈಗೆ ಕೈ ಚಾಚಿದ.

ದಾರಿಯಲ್ಲಿ ಜನ ನೋಡಿದರು. ಎಮ್ಮೆ ಕಾಯುವವರು, ಬಸ್ಸಿನ ಕಿಟಕಿಯಲ್ಲಿದ್ದವರು. ಒಂದು ಕಡೆ ಅವನು ಜೋರಾಗಿ ಬ್ರೇಕು ಹಿಡಿದ. ತೊಟ್ಟಿ ಮುಂದಕ್ಕೆ ಹೋಗಿ ನನ್ನ ತಲೆ ಚೌಕಟ್ಟಿಗೆ ಬಡಿಯಿತು. ಬೇಕೆಂದೇ ಹಿಡಿದನೆಂದು ನನಗೆ ಅನುಮಾನ. ತಿರುಗಿ ನೋಡಿ ಒದರಿದ:

"ಗಟ್ಟಿ ಹಿಡಕೊಳ್ಳೊ ಶಂಭ್ಯಾ!"

ಹಿಡಿದುಕೊಂಡೆ.

ಶಿಗ್ಗಾಂವಿ ಪೇಟೆಯಲ್ಲಿ ಮಾಲು ಬಂದ ದಿನ, ತುಂಬಾ ಗದ್ದಲ. ಗಾಡಿ ನಮ್ಮ ಅಂಗಡಿಯ ಮುಂದೆ ನಿಂತಾಗ ಎಲ್ಲರೂ ತಿರುಗಿದರು. "ಸಾವ್ಕಾರ್ರ, ಬರ್ರಿ ಹೊರಗ! ತೊಟ್ಟಲಕ್ಕ ಕೂಸ ಬಂತು!" ಎಂದು ಹಮಾಲನೊಬ್ಬ ಕೂಗಿದ. ದೊಡ್ಡ ನಗು ಎದ್ದಿತು. ಅಪ್ಪ ಹೊರಗೆ ಬಂದರು.

"ಇಳಿಯಲೇ ಕೆಳಗ. ಏನ ಆಟ ಇದು?"

 ಇಳಿದರೆ ಒಳಗೆ ಓಡಿ ಹೋಗುತ್ತೇನೆಂದು ಗೊತ್ತಿತ್ತು. ಅದಕ್ಕೆ ಇಳಿಯದೆ ಅಲ್ಲಿಂದಲೇ ಹೇಳಿದೆ.

"ಅಪ್ಪಾ, ಇರ್ಫಾನ ಹೇರಿದ್ದು ಮಂದಿ ಮಾಲಲ್ಲ. ಕಲ್ಲು. ಗಾಡಿಗಿ ತೊಟ್ಟಲಾ ಅಂತ ಹೆಸರಿಟ್ಟಾವ ನಾನು. ಖಾಲಿ ತೊಟ್ಟಲಾ ತೂಗಬಾರದಂತ ಅವ ಕಲ್ಲ ಹೇರಿದ. ಅವ ಕಳ್ಳ ಅಲ್ಲ. ಅವತ್ತ ನೀವು ಕೇಳಿದಾಗ ನಾ ಸುಳ್ಳ ತಲಿ ಆಡಿಸಿದೆ. ತಪ್ಪ ನಂದು."

ನಗು ನಿಂತಿತು. ಯಾರೋ ಒಬ್ಬ ಮುದುಕ ರೈತ, "ಖರೆ ಐತಿ. ಖಾಲಿ ತೊಟ್ಟಲಾ ತೂಗಬಾರದು" ಎಂದು ತನ್ನಷ್ಟಕ್ಕೇ ಅಂದ. ಅಪ್ಪ ಇರ್ಫಾನನನ್ನು ನೋಡಿದರು, ನನ್ನನ್ನು ನೋಡಿದರು, ತೂಕದ ಯಂತ್ರವನ್ನು ನೋಡಿದರು. ಒಳಗೆ ಹೋದರು. ಆಮೇಲೆ ಇಷ್ಟು ಹೊತ್ತಾದರೂ ನನ್ನ ಹತ್ತಿರ ಮಾತಾಡಿಲ್ಲ. ಊಟಕ್ಕೆ ಕೂತಾಗ ಅವ್ವ ಅವರಿಗೆ ಬಡಿಸಿ, ನನ್ನ ತಲೆ ಬಡಿದು ಊದಿದ ಕಡೆ ಅರಿಶಿನ ಹಚ್ಚಿದಳು. "ಹೆಸರ ಹಾಕಿದಾಕಿ ನಾನ ಅಲ್ಲೇನೋ" ಎಂದಳು. ಅಪ್ಪ ತಲೆ ಎತ್ತಲಿಲ್ಲ.

ಇರ್ಫಾನ ಹೋಗುವಾಗ ನಾಳೆ ಬರುತ್ತೇನೆ ಎಂದು ಹೇಳಲಿಲ್ಲ. "ಇಳಿಯೋ, ಕಾಲ ಜೋಮ ಹಿಡದಿರತಾವ" ಎಂದು ಕೈ ಕೊಟ್ಟು ಇಳಿಸಿ ಬಸ್ಸಿಗೆ ಹೋದ.

ಒಳಗೆ ಕೂತಾಗ ಗಮನಿಸಿದ್ದು: ಬಲಗಡೆ ಹಿಂದಿನ ಸರಪಳಿ ಒಂದು ಕೊಂಡಿ ಉದ್ದ ಇದೆ. ಬ್ರೇಕು ಹಿಡಿದಾಗ ತೊಟ್ಟಿ ಮುಂದೆ ಹೋಗದಂತೆ ರಬ್ಬರು ಕಟ್ಟಬೇಕು. ಭಾರ ಇಳಿಸಿದ ಕೂಡಲೇ ತೊಟ್ಟಿ ಅಲುಗಾಡದಂತೆ ಒಂದು ಚಿಲಕ ಬೇಕು. ಖಾಲಿ ಇದ್ದಾಗ ತೂಗಬಾರದು. ನಾಳೆ ಬೆಳಗ್ಗೆ ಗಾಡಿಯನ್ನು ಶೆಡ್ಡಿಗೆ ತೆಗೆದುಕೊಂಡು ಹೋಗಿ ಶುರು ಮಾಡುತ್ತೇನೆ.

ಆಗುವುದಿಲ್ಲ. ಕೀಲಿಕೈ ಇರ್ಫಾನನ ಕಿಸೆಯಲ್ಲೇ ಹೋಗಿದೆ.